ಹೊಕ್ಕಳ ರಕ್ತ, ಅವ್ವನ ಕೈ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಕನಕಪುರದಲ್ಲಿ ಹೆರಿಗೆ ವಾರ್ಡಿನ ನರ್ಸಾಗಿ ಇಪ್ಪತ್ತು ವರ್ಷದ ಮೇಲಾಯಿತು. ಅಂಥ ವಾರ್ಡಿನಲ್ಲಿ ಇಷ್ಟು ಕಾಲ ಇದ್ದೂ ಎಲ್ಲರನ್ನೂ ನಂಬುವ ಹೆಂಗಸಿದ್ದರೆ ಅವಳು ಒಂದೋ ದೇವತೆ, ಇಲ್ಲವೋ ಡ್ಯೂಟಿಯಲ್ಲಿ ನಿದ್ದೆ ಹೊಡೆದವಳು. ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನುವ ಬಸುರಿಯ ಬೆನ್ನ ಮೇಲೆ ಬಾಸುಂಡೆ ನೋಡಿದ್ದೇನೆ. "ಹೆಣ್ಣಾದ್ರೇನು ಸಿಸ್ಟರ್, ಲಕ್ಷ್ಮಿ ಬಂದ್ಳು" ಎಂದು ನನ್ನೆದುರು ಹಲ್ಲು ಬಿಟ್ಟ ಅತ್ತೆ, ಸೊಸೆಗೆಂದು ತಂದ ಫ್ಲಾಸ್ಕಿನ ಹಾಲನ್ನು ಮುಚ್ಚಳ ಕೂಡ ತೆಗೆಯದೆ ವಾಪಸು ಒಯ್ದದ್ದನ್ನೂ ನೋಡಿದ್ದೇನೆ. ಯಾರಾದರೂ ಬಹಳ ನಯವಾಗಿ ಮಾತಾಡಿದರೆ ನನಗೆ ಮೊದಲು ಬರುವುದು ಅನುಮಾನ. ಆದರೆ ಆ ಅನುಮಾನವನ್ನು ಹೆತ್ತವ್ವನ ಮೇಲೇ ಇಟ್ಟುಕೊಂಡು ಕೂರುವ ಕಾಲ ಬರುತ್ತದೆ ಎಂದು ಎಣಿಸಿರಲಿಲ್ಲ.

ನನ್ನ ತವರು ಮಾಗಡಿ ತಾಲ್ಲೂಕಿನ ಕಲ್ಯ. ಮನೆಯಲ್ಲಿ ಅವ್ವ, ನನ್ನ ತಮ್ಮ, ಅವನ ಹೆಂಡತಿ, ಅವರ ಮೊದಲ ಮಗಳು. ಅಪ್ಪ ಈಗಿಲ್ಲ. ತಮ್ಮನ ಹೆಂಡತಿ ಬೇರೆ ಯಾರೂ ಅಲ್ಲ, ನಮ್ಮಕ್ಕನ ಮಗಳು. ಅಂದರೆ ಅವಳು ಕಟ್ಟಿಕೊಂಡದ್ದು ತನ್ನ ಸೋದರಮಾವನನ್ನು. ನಮ್ಮ ಕಡೆ ಇದರಲ್ಲಿ ಹೊಸದೇನೂ ಇಲ್ಲ. ಅಕ್ಕನಿಗೆ ಹೆಣ್ಣು ಹುಟ್ಟಿದ ದಿನವೇ ತೊಟ್ಟಿಲ ಪಕ್ಕ ನಿಂತು "ಇದು ನಮ್ ಹುಡ್ಗುಂಗೇಯ" ಎಂದು ಯಾರೋ ಹೇಳಿಬಿಟ್ಟಿರುತ್ತಾರೆ. ಹುಡುಗಿಯ ಗುಣ ಗೊತ್ತು, ಜಮೀನು ಹೊರಗೆ ಹೋಗುವುದಿಲ್ಲ, ಅತ್ತೆಯ ಕಾಟವೂ ಇಲ್ಲ, ಏಕೆಂದರೆ ಅತ್ತೆ ಅನ್ನುವವಳು ಸ್ವಂತ ಅಜ್ಜಿ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಅವ್ವನನ್ನು ಅಜ್ಜಿ ಎಂದೇ ಕರೆಯುತ್ತಾಳೆ, ಗಂಡನನ್ನು ಮಾವ, ನನ್ನನ್ನು ಚಿಕ್ಕಮ್ಮ ಎಂದು. ಅವ್ವನೂ ಹೀಗೆಯೇ ತನ್ನ ತಾಯಿಯ ತಮ್ಮನನ್ನು ಕಟ್ಟಿಕೊಂಡು ಆ ಮನೆ ಸೇರಿದವಳು. ಹೊರಗಿನ ಸಂಬಂಧಕ್ಕೆ ಹೋದವರು ಅಕ್ಕ ಮತ್ತು ನಾನು ಮಾತ್ರ, ಅದೂ ನಮಗೆ ತಕ್ಕ ಸೋದರಮಾವ ಇರಲಿಲ್ಲ ಎಂಬ ಕಾರಣಕ್ಕೆ.

ತಮ್ಮನ ಹೆಂಡತಿಯ ಎರಡನೆಯ ಹೆರಿಗೆ ನನ್ನ ವಾರ್ಡಿನಲ್ಲೇ ಆಯಿತು. ಹೊಕ್ಕಳುಬಳ್ಳಿಗೆ ಕ್ಲಿಪ್ ಹಾಕಿದವಳು ನಾನು. ರಕ್ತ ಹೆಪ್ಪುಗಟ್ಟಲು ನೆರವಾಗಲೆಂದು ಎಲ್ಲ ಕೂಸುಗಳಿಗೂ ಕೊಡುವ ವಿಟಮಿನ್ ಕೆ ಸೂಜಿ ಚುಚ್ಚಿದವಳೂ ನಾನು. ಮತ್ತೆ ಹೆಣ್ಣು. ತಮ್ಮ ಬಾಗಿಲಲ್ಲಿ ನಿಂತು "ಇದೂ ಹೆಣ್ಣಾ?" ಎಂದು ಕೇಳಿ ಟೀ ಅಂಗಡಿಯ ಕಡೆ ನಡೆದ. ಅವ್ವ ಕೂಸಿನ ಮುಖವನ್ನು ಬಹಳ ಹೊತ್ತು ನೋಡಿದಳು, ಕೈಗೆ ಮಾತ್ರ ತೆಗೆದುಕೊಳ್ಳಲಿಲ್ಲ. ಎರಡನ್ನೂ ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಬಾಣಂತನ ಮರಳವಾಡಿಯಲ್ಲಿ, ಅಕ್ಕನ ಮನೆಯಲ್ಲಿ ಆಗಬೇಕಿತ್ತು. ಅಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಹುಳು ಸಾಕುವ ಮನೆಗೆ ಆ ಸಮಯದಲ್ಲಿ ಪುರುಡಿನ ಮೈಲಿಗೆ ತರುವುದಿಲ್ಲ. "ಗೂಡು ಬಿಡ್ಸೋಗಂಟ ಅಜ್ಜಿ ತಾವ್ಲೇ ಇರ್ಲಿ ಕಣೆ" ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಹಾಗಾಗಿ ಬಾಣಂತಿ, ಕೂಸು ಇಬ್ಬರೂ ಕಲ್ಯಕ್ಕೇ ಹೋದರು.

ಒಣಗಿದ ಹೊಕ್ಕಳು ಉದುರಿದ ಮಾರನೆಯ ಬೆಳಿಗ್ಗೆ ತಮ್ಮನ ಫೋನು ಬಂತು.

"ಅಕ್ಕ, ಕೂಸಿನ ಹೊಕ್ಕುಳಲ್ಲಿ ರಕ್ತ ಒಸರ್ತಾ ಐತೆ ಕಣಕ್ಕ. ಬಟ್ಟೆ ಮಡಗ್ದಂಗೂ ನೆನೀತೈತೆ."

"ಒತ್ತಿ ಹಿಡ್ಕೊಂಡು ಮಾಗಡಿಗೆ ಹೊರಡ್ಲಾ. ಮಾತಾಡ್ತಾ ಕೂರಬ್ಯಾಡ, ನಾನು ಬತ್ತೀನಿ."

ನಾನು ರಾಮನಗರದಲ್ಲಿ ಬಸ್ಸಿಳಿಯುವಷ್ಟರಲ್ಲಿ ಮಾಗಡಿಯವರು ಅವರನ್ನು ರಾಮನಗರದ ಒಂದು ಆಸ್ಪತ್ರೆಗೆ ಕಳಿಸಿದ್ದರು. ಕೂಸು ಬಿಳಿಚಿಕೊಂಡಿತ್ತು. ರಕ್ತ ಚಿಮ್ಮುತ್ತಿರಲಿಲ್ಲ, ಸೋರುತ್ತಿತ್ತು. ಒತ್ತಿದರೆ ನಿಲ್ಲುವುದು, ಒಂದಿಷ್ಟು ಹೊತ್ತಿಗೆ ಮತ್ತೆ ಶುರು. ಹೊಕ್ಕಳ ಸುತ್ತ ಹಳದಿ ಜಿಡ್ಡು. ಮೂಸಿದೆ, ಹರಳೆಣ್ಣೆ ಮತ್ತು ಅರಿಶಿನ.

"ಯಾರು ಹಚ್ಚಿದ್ದು?" ಎಂದೆ.

"ನಾನಲ್ಲ" ಎಂದಳು ಅವ್ವ. ನಾನು ಅವಳನ್ನು ಕೇಳಿಯೇ ಇರಲಿಲ್ಲ.

"ನಾನೇ ಚಿಕ್ಕಮ್ಮ" ಎಂದಳು ತಮ್ಮನ ಹೆಂಡತಿ. "ಅಜ್ಜಿ ಮುಟ್ಟಾಕಿಲ್ಲ ಅಂದ್ರು. ಅದ್ಕೇ ನಾನೇ ಹಚ್ದೆ."

ನಮ್ಮ ಮೂವರನ್ನೂ ಹೆತ್ತು ಬೆಳೆಸಿದವಳು ಮೊಮ್ಮಗಳ ಹೊಕ್ಕಳು ಮುಟ್ಟುವುದಿಲ್ಲವಂತೆ. ಕೇಳುವ ಮೊದಲೇ ನಾನಲ್ಲ ಎನ್ನುವ ಹೆಂಗಸರನ್ನು ನಾನು ವಾರ್ಡಿನಲ್ಲಿ ಬೇಕಾದಷ್ಟು ಕಂಡಿದ್ದೆ.

ಡಾಕ್ಟರು ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಎರಡು ಪರೀಕ್ಷೆಗಳಿವೆ, ಆಸ್ಪತ್ರೆಯ ಮಾತಿನಲ್ಲಿ ಪಿಟಿ ಮತ್ತು ಎಪಿಟಿಟಿ. ಎರಡೂ ಸರಿಯಾಗಿದ್ದವು. ಪ್ಲೇಟ್‌ಲೆಟ್ಟೂ ಸರಿ. ಹೆಣ್ಣಿನ ಕಡೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದ ಕಾಯಿಲೆ ಇತ್ತೇ ಎಂದು ಅವರು ಕೇಳಿದ್ದಕ್ಕೆ ತಮ್ಮ, "ಹೆಣ್ಣಿನ ಕಡೆ ಅಂತ ಯಾವ್ದು ಸಾರ್, ಎಲ್ಲಾ ನಾವೇಯ. ನಮ್ಗ್ಯಾರ್ಗೂ ಇಲ್ಲ" ಎಂದ. ನಾನೂ ತಲೆಯಾಡಿಸಿದೆ. ಹೊರಗಿನಿಂದ ಹೆಣ್ಣು ತಂದಿದ್ದರೆ ಅವಳ ಕಡೆಯ ಮೂರು ತಲೆಮಾರನ್ನು ಜಾಲಾಡುತ್ತಿದ್ದೆವು. ನಮ್ಮದೇ ಹುಡುಗಿಯಾದ್ದರಿಂದ ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರೂ ಇರಲಿಲ್ಲ. ಆಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ರಕ್ತದಲ್ಲಿ ಏನೂ ಕಾಣ್ತಿಲ್ಲ ಸಿಸ್ಟರ್. ಎರಡನೇದೂ ಹೆಣ್ಣಾ?" ಎಂದರು. ಅಷ್ಟೇ ಅಂದದ್ದು. ನನಗೆ ಅಷ್ಟು ಸಾಕಾಗಿತ್ತು.

ನರ್ಸಿಂಗ್ ಓದುವಾಗ ನಮಗೆ ಕಲಿಸಿದ್ದು ಹಿಮೋಫಿಲಿಯಾ ಒಂದೇ. ಎಕ್ಸ್ ಎಂಬ ವರ್ಣತಂತುವಿನಲ್ಲಿರುವ ದೋಷ ಅದು. ಹೆಣ್ಣಿಗೆ ಎಕ್ಸ್ ಎರಡಿರುತ್ತವೆ, ಒಂದು ಕೆಟ್ಟರೂ ಸಾಮಾನ್ಯವಾಗಿ ಇನ್ನೊಂದು ಕೈಹಿಡಿಯುತ್ತದೆ. ಗಂಡಿಗೆ ಇರುವುದು ಒಂದೇ. ಆದ್ದರಿಂದ ತಾಯಿ ಹೊರುತ್ತಾಳೆ, ಮಗ ಅನುಭವಿಸುತ್ತಾನೆ. ಇಷ್ಟನ್ನು ಬರೆದು ಪಾಸಾದವಳು ನಾನು. ಲೆಕ್ಕ ಸುಲಭವಾಗಿತ್ತು: ಕೂಸು ಹೆಣ್ಣು, ರಿಪೋರ್ಟು ಸರಿಯಾಗಿದೆ, ಕ್ಲಿಪ್ ಹಾಕಿದವಳು ನಾನು. ಉಳಿದದ್ದು ಯಾರದೋ ಕೈ. ಹೊಕ್ಕಳನ್ನು ಉಗುರಿನಲ್ಲಿ ಕೆರೆದಿರಬೇಕು, ಇಲ್ಲವೇ ಒಣಗುವ ಮೊದಲೇ ಕಿತ್ತಿರಬೇಕು.

ಡಾಕ್ಟರು ಒಂದು ಹೊಲಿಗೆ ಹಾಕಿ, ಯಾವುದಕ್ಕೂ ಇರಲಿ ಎಂದು ಪ್ಲಾಸ್ಮಾ, ಅಂದರೆ ರಕ್ತದ ಹಳದಿ ನೀರಿನಂಥ ಭಾಗವನ್ನು ಕೊಟ್ಟರು. ರಕ್ತ ನಿಂತಿತು. ಮನೆಗೆ ಕಳಿಸಿದರು. ನಾನು ರಜೆ ಹಾಕಿ ಅವರ ಜೊತೆಯಲ್ಲೇ ಕಲ್ಯಕ್ಕೆ ಹೋದೆ. ಬಾಣಂತಿಯನ್ನು ನೋಡಿಕೊಳ್ಳಲು ಬಂದೆ ಎಂದು ಎಲ್ಲರಿಗೂ ಹೇಳಿದೆ. ನಾನು ಹೋದದ್ದು ಕಾವಲಿಗೆ.

ಕಾಯುವುದೆಂದರೆ ಏನು ಎಂದು ಆಗ ಗೊತ್ತಾಯಿತು. ತಮ್ಮ ಟವಲ್ ತೆಗೆದುಕೊಳ್ಳಲು ಕೋಣೆಗೆ ಬಂದರೂ ನಾನು ತಲೆ ಎತ್ತುತ್ತಿದ್ದೆ. "ಅದೇನಕ್ಕ ಅಂಗೆ ನೋಡ್ತೀಯ, ನಾನೇನ್ ಕಳ್ಳನಾ?" ಎಂದು ಒಂದು ದಿನ ಊಟಕ್ಕೆ ಕೂತಾಗ ರೇಗಿದ. "ಕಳ್ಳ ಅಲ್ದಿದ್ರೆ ನಿಂಗ್ಯಾಕ್ಲಾ ಉರಿ?" ಎಂದೆ. ಅವನು ಅನ್ನ ಬಿಟ್ಟು ಎದ್ದು ಹೋದ.

ಅವ್ವನ ಸುದ್ದಿ ಬೇರೆ. ಅವಳು ರೇಗಲಿಲ್ಲ. ಕೂಸು ಅತ್ತರೆ ನಡುಮನೆಯ ಕಂಬದ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದಳು, ಅದರಿಂದೀಚೆಗೆ ಬರುತ್ತಿರಲಿಲ್ಲ. ರಕ್ತವಾಗಿದ್ದ ಬಟ್ಟೆಗಳನ್ನು ಒಗೆಯಲು ಹಾಕದೆ ನೀರೊಲೆಗೆ ತುರುಕಿದ್ದನ್ನು ನಾನೇ ನೋಡಿದೆ. "ಅದ್ಯಾಕೆ ಸುಡ್ತೀಯವ್ವ?" ಎಂದರೆ "ಇನ್ನೇನ್ ಮಾಡಾದು" ಎಂದಳು. ಒಲೆಯ ಹತ್ತಿರ ಹೋದರೂ ಹಿಂದೆ ಹೋದೆ, ಹಿತ್ತಲಿಗೆ ಹೋದರೂ ಹೋದೆ. ಮೊಮ್ಮಗಳು ಹೋಗಲಿ ಎಂದು ಕಾಯುತ್ತಿದ್ದಾಳೋ ಎಂಬ ಯೋಚನೆಯೂ ಬಂತು. ನನ್ನ ಅವ್ವ ಅಂಥವಳಲ್ಲ ಎಂದು ಒಂದು ಮನಸ್ಸು ಹೇಳುತ್ತಿತ್ತು. ವಾರ್ಡಿನಲ್ಲಿ ಎಲ್ಲರೂ ತಮ್ಮವರ ಬಗ್ಗೆ ಹಾಗೆಯೇ ಅನ್ನುತ್ತಾರಲ್ಲ ಎಂದು ಇನ್ನೊಂದು.

ಒಂದು ಮಧ್ಯಾಹ್ನ ಹಾಲು ಕುಡಿಸುತ್ತಿದ್ದ ತಮ್ಮನ ಹೆಂಡತಿಯನ್ನು ಮೆಲ್ಲಗೆ ಕೇಳಿದೆ. "ಎರಡ್ನೇದೂ ಹೆಣ್ಣು ಅಂತ ಯಾರಾದ್ರೂ ಏನಾದ್ರೂ ಅಂದ್ರಾ? ಕೂಸಿಗೆ ಯಾರಾದ್ರೂ ಏನಾದ್ರೂ ಮಾಡಿರಬೌದಾ?"

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅಳು ಬಂತು. "ಮಾವ ಅಂಥೋರಲ್ಲ ಚಿಕ್ಕಮ್ಮ. ಅಜ್ಜಿ ಅಂತೂ..." ಎಂದು ಕೂಸನ್ನು ಎದೆಗೊತ್ತಿಕೊಂಡಳು. ಅವತ್ತಿನಿಂದ ಅವಳು ಕೂಸನ್ನು ಗೋಡೆಯ ಕಡೆಗೆ ಮಲಗಿಸಿ, ತಾನು ಈಚೆ ಅಡ್ಡ ಮಲಗತೊಡಗಿದಳು. ನನ್ನ ಅನುಮಾನ ಅವಳಿಗೂ ಅಂಟಿತ್ತು.

ವಾರಗಳು ಕಳೆದವು, ಒಂದು ಹನಿ ರಕ್ತ ಕಾಣಲಿಲ್ಲ. ನಾನು ಕಾದದ್ದರಿಂದಲೇ ಅದು ನಿಂತಿತು ಎಂದು ಹೆಮ್ಮೆಪಟ್ಟುಕೊಂಡೆ. ಒಳಗೆ ಕೆಲಸ ಮಾಡುತ್ತಿದ್ದದ್ದು ರಾಮನಗರದಲ್ಲಿ ಕೊಟ್ಟ ಪ್ಲಾಸ್ಮಾ ಎಂದು ಆಗ ಯಾರಿಗೆ ಗೊತ್ತಿತ್ತು? ಅದರ ಬಲ ಕೆಲವು ವಾರ ಇರುತ್ತದೆ, ಆಮೇಲೆ ಇಳಿಯುತ್ತದೆ.

ಒಂದೂವರೆ ತಿಂಗಳ ಲಸಿಕೆಗೆ ಊರಿನ ಅಂಗನವಾಡಿಗೆ ಕೂಸನ್ನು ಕರೆದೊಯ್ದೆವು. ಆರೋಗ್ಯ ಕೇಂದ್ರದ ನರ್ಸು ಸೂಜಿ ಚುಚ್ಚುವಾಗ ಕೂಸಿನ ಕಾಲು ಹಿಡಿದಿದ್ದವಳು ನಾನೇ. ಚುಚ್ಚಿದ ಜಾಗದಲ್ಲಿ ಒಂದು ಹನಿ ಬಂತು, ಹತ್ತಿ ಒತ್ತಿದೆ, ನಿಂತಿತು. ಮಾರನೆಯ ದಿನ ಒಳಗೇ ರಕ್ತ ತುಂಬಿ ತೊಡೆ ಊದಿ ಕಲ್ಲಿನಂತೆ ಗಟ್ಟಿಯಾಗಿ ನೀಲಿಗಟ್ಟಿತು.

ತಮ್ಮ ಅಂಗನವಾಡಿಯ ಮುಂದೆ ನಿಂತು "ಯಾವ್ ಸೂಜಿ ಚುಚ್ಬುಟ್ರಿ ನನ್ ಮಗೀಗೆ?" ಎಂದು ಕೂಗಾಡಿದ. ಇದೂ ಹೆಣ್ಣಾ ಎಂದಿದ್ದವನ ಬಾಯಲ್ಲಿ ನನ್ನ ಮಗು ಎಂಬ ಮಾತು. ಸೂಜಿ ಚುಚ್ಚುವಾಗ ಆ ಕಾಲು ನನ್ನ ಕೈಯಲ್ಲಿತ್ತು. ಅವ್ವ ಮನೆಯಲ್ಲಿದ್ದಳು. ಅನುಮಾನ ಪಡಲು ಯಾರೂ ಉಳಿದಿರಲಿಲ್ಲ, ಅದರಿಂದ ಇನ್ನೂ ಹೆಚ್ಚು ಭಯವಾಯಿತು. ಸೋರಿದ ರಕ್ತ ನಿಲ್ಲುತ್ತದೆ, ನಿಂತದ್ದು ಮತ್ತೆ ಸೋರುತ್ತದೆ. ಹೊಕ್ಕಳಲ್ಲೂ ಹೀಗೇ ಆಗಿತ್ತು. ಇಷ್ಟು ಹೊತ್ತಿಗೆ ನನಗೆ ಅಷ್ಟು ಹೊಳೆಯಿತು. ಅವತ್ತೇ ಎಲ್ಲರೂ ಕಾರು ಮಾಡಿಕೊಂಡು ಬೆಂಗಳೂರಿಗೆ ಹೊರಟೆವು. ಅವ್ವ ಕರೆಯದೆಯೇ ಬಂದು ಹಿಂದಿನ ಸೀಟಿನಲ್ಲಿ ಕೂತಳು.

ಅಲ್ಲಿ ರಕ್ತದ ಕಾಯಿಲೆಗಳ ಡಾಕ್ಟರು ಒಬ್ಬ ಹೆಂಗಸು. ಕೂಸನ್ನು ನೋಡಿ, ಹಳೆಯ ರಿಪೋರ್ಟು ನೋಡಿ, ಅವರು ಕೇಳಿದ ಮೊದಲ ಪ್ರಶ್ನೆ: "ಗಂಡ ಹೆಂಡತಿ ಏನು ಸಂಬಂಧ?"

"ಅದ್ಯಾಕ್ ಬೇಕು ಮೇಡಂ?" ಎಂದ ತಮ್ಮ. ಪೇಟೆಯವರು ನಮ್ಮನ್ನು ಹೀಯಾಳಿಸುತ್ತಿದ್ದಾರೆ ಎಂದು ಅವನ ಅನುಮಾನ.

"ಬೇಕು, ಹೇಳಿ."

"ಅಕ್ಕನ ಮಗಳು."

ಅವರು ಒಂದು ಹಾಳೆಯಲ್ಲಿ ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ ಬರೆಯುತ್ತ ಹೋದರು. ಸಂಬಂಧದಲ್ಲೇ ಮದುವೆಯಾಗಿದ್ದರೆ ನಡುವೆ ಜೋಡಿ ಗೆರೆ. ತಮ್ಮ ಮತ್ತು ಅವನ ಹೆಂಡತಿಗೊಂದು ಜೋಡಿ ಗೆರೆ, ಅವ್ವ ಮತ್ತು ಅಪ್ಪನಿಗೊಂದು. ತಮ್ಮನ ಕಡೆಯಿಂದ ಮೇಲೆ ಹೋದ ಗೆರೆಯೂ ಅವನ ಹೆಂಡತಿಯ ಕಡೆಯಿಂದ ಮೇಲೆ ಹೋದ ಗೆರೆಯೂ ಒಂದೇ ಕಡೆ ಬಂದು ಸೇರಿದವು, ಅವ್ವ ಮತ್ತು ಅಪ್ಪನ ಹತ್ತಿರ.

ಡಾಕ್ಟರು ಅವ್ವನ ಕಡೆ ತಿರುಗಿದರು. "ಅಮ್ಮ, ನಿಮಗೆ ಹುಟ್ಟಿ ಹೋದ ಮಕ್ಕಳು ಇದ್ದವಾ?"

"ಇಲ್ಲ ಡಾಕ್ಟರ್, ನಾವು ಮೂವರೇ" ಎಂದೆ ನಾನು.

"ಇದ್ವು" ಎಂದಳು ಅವ್ವ.

ನಾನು ಅವಳ ಮುಖ ನೋಡಿದೆ. ಅವಳು ಹಾಳೆ ನೋಡುತ್ತಿದ್ದಳು.

"ಇವ್ಳಿಗಿಂತ ಮುಂಚೆ ಒಂದು, ಇವ್ಳಾದ್ಮೇಕೆ ಒಂದು. ಒಂದು ಗಂಡು, ಒಂದು ಹೆಣ್ಣು. ಎರಡೂ ಹೊಕ್ಕುಳಲ್ಲೇ ಹೋದ್ವು ಕಣವ್ವ. ಒಣಗ್ತು, ಉದುರ್ತು, ಆಮ್ಯಾಕೆ ಒಸರಕ್ ಸುರುವಾಯ್ತು. ನಮ್ಮತ್ತೆ ಅಂದ್ರೆ ನಮ್ಮಜ್ಜಿನೇಯ, ನನ್ನ ಎತ್ತಾಡ್ಸಿದೋಳು. ಅವ್ಳೇ ಅಂದ್ಳು, ನಿನ್ ಕೈ ಸರಿಗಿಲ್ಲ, ನೀನೇ ಏನೋ ಮಾಡ್ದೆ ಅಂತ. ಅವತ್ತಿಂದ ನಾನು ಯಾವ್ ಕೂಸಿನ ಹೊಕ್ಕುಳೂ ಮುಟ್ನಿಲ್ಲ. ಇವನ್ದೂ ಮುಟ್ನಿಲ್ಲ, ಇವನ್ ಮಕ್ಕಳ್ದೂ ಮುಟ್ನಿಲ್ಲ."

"ನಮ್ಗೆ ಯಾಕವ್ವ ಯೋಳ್ನಿಲ್ಲ?" ಎಂದ ತಮ್ಮ.

"ಯೋಳಿದ್ರೆ ನಿಮ್ಮಕ್ಕಂದಿರ್ನ ಯಾರ್ಲಾ ತಕ್ಕೊಂಡೋಗೋರು?"

ಡಾಕ್ಟರು ಹಾಳೆಯಲ್ಲಿ ಒಂದು ಚೌಕ, ಒಂದು ಸೊನ್ನೆ ಬರೆದು ಎರಡಕ್ಕೂ ಅಡ್ಡಗೆರೆ ಎಳೆದರು. ಇಷ್ಟು ವಯಸ್ಸಾದ ಮೇಲೆ ನನಗೆ ಇನ್ನೊಬ್ಬ ಅಣ್ಣನೋ ಅಕ್ಕನೋ, ಇನ್ನೊಬ್ಬ ತಮ್ಮನೋ ತಂಗಿಯೋ ಇದ್ದದ್ದು ಹೀಗೆ ಗೊತ್ತಾಯಿತು.

ಕೂಸಿನ ರಕ್ತವನ್ನು ಹೆಪ್ಪುಗಟ್ಟಿಸಿ ಯೂರಿಯಾ ನೀರಿನಲ್ಲಿ ಬಿಟ್ಟು ನಾಳೆ ನೋಡುತ್ತೇವೆ ಎಂದರು. ತಮ್ಮ ಹೊರಗೆ ಬಂದು ನನ್ನ ಕಿವಿಯಲ್ಲಿ, "ಯೂರಿಯಾನಾ? ಹೊಲಕ್ಕೆ ಹಾಕೋದಾ? ಇವರ್ಗೆ ಏನಾರಾ ಗೊತ್ತೈತಾ ಅಕ್ಕ?" ಎಂದ. ಅದೇ ಯೂರಿಯಾ. ಗಟ್ಟಿ ಹೆಪ್ಪು ಅದರಲ್ಲಿ ಉಳಿಯುತ್ತದೆ. ಕೂಸಿನ ಹೆಪ್ಪು ಬೆಳಿಗ್ಗೆ ಹೊತ್ತಿಗೆ ಇರಲೇ ಇಲ್ಲ, ಕರಗಿಹೋಗಿತ್ತು. ಇನ್ನೂ ಒಂದು ಪರೀಕ್ಷೆ ಮಾಡಿ, ಕೊರತೆ ಇರುವುದು ಹೆಪ್ಪಿಗೆ ಬೇಕಾದ ಪ್ರೋಟೀನುಗಳಲ್ಲಿ ಒಂದಾದ ಹದಿಮೂರನೆಯ ಫ್ಯಾಕ್ಟರಿನದು ಎಂದು ಖಾತ್ರಿ ಮಾಡಿದರು. ಕಟ್ಟಿದ ಹೆಪ್ಪನ್ನು ಬಿಗಿದು ಹಿಡಿಯುವುದು ಅದರ ಕೆಲಸ. ರಾಮನಗರದ ಪರೀಕ್ಷೆಗಳು ಹೆಪ್ಪು ಎಷ್ಟು ಹೊತ್ತಿಗೆ ಕಟ್ಟುತ್ತದೆ ಎಂದು ಮಾತ್ರ ನೋಡುತ್ತವೆ, ಕಟ್ಟಿದ್ದು ಉಳಿಯುತ್ತದೆಯೇ ಎಂದು ನೋಡುವುದಿಲ್ಲ. ಅವ್ವನಿಗೆ ನಾನು ಹೀಗೆ ಹೇಳಿದೆ: ಮುದ್ದೆ ಚೆನ್ನಾಗೇ ಕಟ್ಟುತ್ತದೆ, ಸಾರಿಗೆ ಹಾಕಿದ ಕೂಡಲೇ ಒಡೆದು ಹೋಗುತ್ತದೆ. ಅವಳು ಹೂಂ ಎಂದಳು.

"ಇದು ಯಾರಿಂದ ಬಂತು ಮೇಡಂ?" ಎಂದು ತಮ್ಮ ಕೇಳಿದ. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಇಷ್ಟು ದಿನ ಹುಡುಕಿದ್ದಕ್ಕೆ ಒಬ್ಬ ಕಳ್ಳನಾದರೂ ಸಿಗಲಿ ಎಂದು.

"ಇಬ್ಬರಿಂದಲೂ" ಎಂದರು ಡಾಕ್ಟರು. ಇದು ಎಕ್ಸ್‌ನಲ್ಲಿ ಇರುವುದಲ್ಲ, ಆದ್ದರಿಂದ ಗಂಡು ಹೆಣ್ಣು ಎಂಬ ಭೇದವಿಲ್ಲ. ಪ್ರತಿಯೊಬ್ಬರಲ್ಲೂ ಈ ಜೀನಿನ, ಅಂದರೆ ವಂಶವಾಹಿಯ, ಎರಡು ಪ್ರತಿ ಇರುತ್ತವೆ, ಅಪ್ಪನದೊಂದು, ಅವ್ವನದೊಂದು. ಒಂದು ಕೆಟ್ಟಿದ್ದರೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ, ಆಯಸ್ಸು ಪೂರ್ತಿ ಹೊತ್ತುಕೊಂಡು ತಿರುಗಬಹುದು. ಎರಡೂ ಕೆಟ್ಟಾಗ ಮಾತ್ರ ಕಾಯಿಲೆ. ಊರಿಗೆಲ್ಲ ಅಪರೂಪವಾದ ದೋಷ ಒಂದು ಮನೆಯಲ್ಲಿದ್ದರೆ, ಆ ಮನೆಯವರೇ ಆ ಮನೆಯವರನ್ನು ಕಟ್ಟಿಕೊಂಡಾಗ ಅದೇ ದೋಷ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು. ಅವ್ವ ಅಪ್ಪ ಇಬ್ಬರಲ್ಲೂ ಅದಿತ್ತು. ಅಕ್ಕನ ಮೂಲಕ ಅವಳ ಮಗಳಿಗೆ ಬಂತು, ಇತ್ತ ನೇರವಾಗಿ ತಮ್ಮನಿಗೆ ಬಂತು. ನನ್ನಲ್ಲೂ ಇರಬಹುದು.

"ಗಂಡಾಗಿದ್ರೆ ಬತ್ತಿರ್ನಿಲ್ವಾ?"

"ಗಂಡಾಗಿದ್ದರೂ ಬರಬಹುದಿತ್ತು. ಪ್ರತಿ ಸಲವೂ ನಾಲ್ಕರಲ್ಲಿ ಒಂದು ಪಾಲು."

ತಮ್ಮ ಬೆರಳು ಮಡಿಸಿದ. "ಅಂಗಾದ್ರೆ ಒಂದ್ ಆಯ್ತಲ್ಲ, ಇನ್ ಮೂರು ಸರೀಗಿರ್ತಾವೆ."

"ಲೋ, ಪ್ರತಿ ಬಸುರಿಗೂ ಹೊಸದಾಗಿ ನಾಲ್ಕರಲ್ಲಿ ಒಂದು ಕಣ್ಲಾ. ಹಿಂದೆ ಏನಾಯ್ತು ಅಂತ ಅದು ನೆನಪಿಟ್ಕೊಳ್ಳಾಕಿಲ್ಲ" ಎಂದು ನಾನು ಗದರಿದೆ. ಅವ್ವನಿಗೆ ಹೋಗಿದ್ದು ಎರಡು ಎಂಬುದನ್ನು ಹೇಳಬೇಕಾಗಲಿಲ್ಲ, ಅವನಿಗೇ ಹೊಳೆಯಿತು.

ಇದರಲ್ಲಿ ದೊಡ್ಡ ಭಯ ತಲೆಯೊಳಗೆ ರಕ್ತ ಸೋರುವುದು, ಕೂಸುಗಳು ಹೋಗುವುದು ಹೆಚ್ಚಾಗಿ ಅದರಿಂದ, ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ಈ ಫ್ಯಾಕ್ಟರಿನಲ್ಲಿ ಒಂದು ಒಳ್ಳೆಯ ಗುಣವಿದೆ. ಹೊರಗಿನಿಂದ ಕೊಟ್ಟರೆ ಬಹಳ ದಿನ ಉಳಿಯುತ್ತದೆ. ರಕ್ತನಿಧಿಯಲ್ಲಿ ಪ್ಲಾಸ್ಮಾದಿಂದ ಬೇರ್ಪಡಿಸಿ ಮಂಜುಗಟ್ಟಿಸಿಟ್ಟ ಕ್ರಯೋ ಎಂಬ ಭಾಗವನ್ನು ತಿಂಗಳಿಗೊಮ್ಮೆ ಕೊಟ್ಟರೆ ಕೂಸು ಎಲ್ಲರಂತೆ ಬೆಳೆಯಬಹುದು. ಈಗ ಅವಳು ನಡೆಯುತ್ತಾಳೆ, ಬೀಳುತ್ತಾಳೆ. ಬಿದ್ದಾಗಲೆಲ್ಲ ತಮ್ಮ ನನಗೆ ಫೋನು ಮಾಡುತ್ತಾನೆ. ತಿಂಗಳ ದಿನ ಬಂತೆಂದರೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿಕೊಂಡು ನಿಲ್ಲುವವನೂ ಅವನೇ.

ಇತ್ತೀಚೆಗೆ ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಮಾತಾಡಲು ನನ್ನನ್ನು ಕರೆಯುತ್ತಾರೆ. ಹೊಕ್ಕಳು ಉದುರಿದ ಮೇಲೆ ರಕ್ತ ಸೋರಿದರೆ ಯಾರ ಮೇಲಾದರೂ ಕಣ್ಣು ಹಾಕುವ ಮೊದಲು ಗಂಡ ಹೆಂಡತಿಯ ಸಂಬಂಧ ಕೇಳಿ ಎನ್ನುತ್ತೇನೆ. ಹೆಣ್ಣು ಕೂಸು ಎಂದು ಬಿಡಬೇಡಿ, ರಿಪೋರ್ಟು ಸರಿಯಾಗಿದೆ ಎಂದೂ ಬಿಡಬೇಡಿ. ಹುಟ್ಟಿ ಹೋದ ಕೂಸುಗಳ ಬಗ್ಗೆ ಮನೆಯ ಅಜ್ಜಿಯನ್ನೇ ಕೇಳಿ, ಮೊದಲ ಸಲ ಇಲ್ಲ ಎಂದರೆ ನಂಬಬೇಡಿ. ನಂಬಬೇಡಿ ಎಂಬ ಪಾಠ ಹೇಳಲು ನನಗಿಂತ ತಕ್ಕವರು ಸಿಗುವುದಿಲ್ಲ ಎಂದು ಅವರು ನಗುತ್ತಾರೆ.

ಅಲ್ಲಿ ಹೇಳದೆ ಉಳಿಸಿಕೊಂಡ ಮಾತು ಒಂದಿದೆ. ಮೊದಲ ಸಲ ಕ್ರಯೋ ಕೊಡಿಸಿಕೊಂಡು ಕಲ್ಯಕ್ಕೆ ವಾಪಸು ಬಂದ ಮಧ್ಯಾಹ್ನದ್ದು. ನೀರು ಕಾದಿತ್ತು. ತಮ್ಮನ ಹೆಂಡತಿ ಕೂಸನ್ನು ಎತ್ತಿ ಅವ್ವನ ಮುಂದೆ ಹಿಡಿದು "ನೀನೇ ಎರಿ ಅಜ್ಜಿ" ಎಂದಳು. ಅವ್ವ ಕೂಸನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಎರೀಲಾ?"

"ಎರಿಯವ್ವ" ಎಂದೆ.

ಬಚ್ಚಲಲ್ಲಿ ಕಾಲು ನೀಡಿ ಕೂತು ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡಳು. ಹೊಕ್ಕಳ ಮೇಲೆ ಒಂದು ಬೆರಳಿಟ್ಟಳು. ನಾನು ಹೊಸ್ತಿಲಲ್ಲಿ ಕೂತು, "ಅವ್ವ, ನಾನು ಇಷ್ಟು ದಿನ..." ಎಂದೆ.

"ಗೊತ್ತು ಕಣವ್ವ. ನನ್ನೇ ಕಾಯ್ತಾ ಕುಂತಿದ್ದೆ. ಒಲೆ ತಾವ ಹೋದ್ರೂ ಹಿಂದ್ಗಡೇನೇ ಬತ್ತಿದ್ದೆ."

"ಗೊತ್ತಿದ್ದೂ ಒಂದ್ ಮಾತು ಅನ್ನಿಲ್ವಲ್ಲವ್ವ?"

ಅವಳು ಚೊಂಬಿನಿಂದ ನೀರನ್ನು ಕೈಗೆ ಹೊಯ್ದುಕೊಂಡು ಬಿಸಿ ನೋಡಿ, ಒಸಿ ಒಸಿಯಾಗಿ ಕೂಸಿನ ಹೊಟ್ಟೆಯ ಮೇಲೆ ಬಿಟ್ಟಳು.

"ಕಾಯ್ಲಿ ಅಂತ್ಲೇ ಸುಮ್ಕಿದ್ದೆ. ನನ್ ಕೂಸ್ಗಳು ಹೋದಾಗ ನನ್ನ ಹಿಂಗೆ ಯಾರಾರ ಕಾದಿದ್ರೆ, ಇವ್ಳೇನೂ ಮಾಡ್ನಿಲ್ಲ ಅನ್ನಕ್ಕೆ ಒಬ್ರಾದ್ರೂ ಇರೋರು."